ವಾರದ ದಿನಗಳಲ್ಲಿ ಅರ್ಧ ಗಂಟೆಯ ಮೀನಡುಗೆ: ಎಣ್ಣೆ ಕಡಿಮೆ, ಮೀನು ಒಡೆಯದಂತೆ

ಪ್ರಶ್ನೆ: ನಾವು ಉಡುಪಿ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮನೆ ಮುಟ್ಟುವಾಗ ಏಳು ಗಂಟೆ. ಅತ್ತೆಗೆ ಕೊಲೆಸ್ಟ್ರಾಲ್ ಇದೆ. ಡಾಕ್ಟರು ಎಣ್ಣೆ, ತೆಂಗಿನಕಾಯಿ ಕಡಿಮೆ ಮಾಡಿ, ವಾರಕ್ಕೆ ಎರಡು ಸಲ ಮೀನು ತಿನ್ನಿ ಎಂದಿದ್ದಾರೆ. ನನಗೆ ಬರುವುದು ಎರಡೇ: ಕಾಯಿ ಅರೆದು ಮಾಡುವ ಗಸಿ, ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವ ಫ್ರೈ. ಗಸಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಎಣ್ಣೆ ಕಡಿಮೆ ಹಾಕಿದರೆ ಮೀನು ಕಾವಲಿಗೆ ಕಚ್ಚಿ ಪುಡಿಯಾಗುತ್ತದೆ. ಫ್ಲ್ಯಾಟ್ ತುಂಬ ವಾಸನೆ ಬೇರೆ. ಬೇಗ ಆಗುವ, ಅತ್ತೆಗೂ ಆಗಿಬರುವ ವಿಧಾನ ತಿಳಿಸುವಿರಾ?

ಉತ್ತರ: ಅಡುಗೆಮನೆಗೆ ಬರುವ ಪದಾರ್ಥಗಳಲ್ಲಿ ಮೀನಿನಷ್ಟು ಬೇಗ ಬೇಯುವುದು ಕಡಿಮೆ. ಎರಡು ಸೆಂಟಿಮೀಟರ್ ದಪ್ಪದ ಹೋಳು ಕುದಿಯುವ ಮಸಾಲೆಯಲ್ಲಿ ಎಂಟು ನಿಮಿಷಕ್ಕೆ ಬೆಂದಿರುತ್ತದೆ. ನಿಮ್ಮ ಒಂದೂವರೆ ಗಂಟೆ ಹೋಗುತ್ತಿರುವುದು ಮೀನಿಗಲ್ಲ. ಮೆಣಸು ಹುರಿಯುವುದು, ಕಾಯಿ ತುರಿಯುವುದು, ಅರೆಯುವುದು, ಮೀನು ಶುಚಿ ಮಾಡುವುದು, ಇವುಗಳಿಗೆ ಹೋಗುತ್ತಿದೆ. ಈ ನಾಲ್ಕನ್ನೂ ವಾರದ ಸಂಜೆಯಿಂದ ಎತ್ತಿ ಭಾನುವಾರಕ್ಕೆ ಹಾಕಿ. ಆಗ ಬುಧವಾರ ರಾತ್ರಿ ಉಳಿಯುವುದು ಒಲೆ ಹಚ್ಚುವ ಕೆಲಸ ಮಾತ್ರ.

ಆದರೆ ಮೊದಲು ಯಾವ ಮೀನು ಎಂಬುದು ತೀರ್ಮಾನವಾಗಬೇಕು, ಏಕೆಂದರೆ ನಿಮ್ಮ ಅತ್ತೆಯವರಿಗೆ ಪ್ರಯೋಜನ ಆಗುವುದು ಅಲ್ಲಿಂದಲೇ. ಬೆಂಗಳೂರಿನಲ್ಲಿ ಅನೇಕರು ‘ಒಳ್ಳೆಯ ಮೀನು’ ಎಂದರೆ ಅಂಜಲ್ (ಸೀರ್ ಫಿಶ್) ಅಥವಾ ಮಾಂಜಿ (ಪಾಂಫ್ರೆಟ್) ಎಂದುಕೊಂಡು ದುಬಾರಿ ಬೆಲೆ ಕೊಡುತ್ತಾರೆ. ಹೃದಯಕ್ಕೆ ಬೇಕಾದ ಒಮೇಗಾ-3 ಕೊಬ್ಬು ಧಾರಾಳವಾಗಿರುವುದು ಬಂಗುಡೆಯಲ್ಲಿ (ಮ್ಯಾಕರೆಲ್) ಮತ್ತು ಬೂತಾಯಿಯಲ್ಲಿ (ಸಾರ್ಡೀನ್). ಎರಡೂ ಅಗ್ಗ, ಎರಡೂ ಚಿಕ್ಕವು. ಚಿಕ್ಕ ಮೀನುಗಳಲ್ಲಿ ಪಾದರಸ ಸೇರುವುದೂ ಕಡಿಮೆ. ಅಂಜಲ್ ಬೇರೆ ಮೀನುಗಳನ್ನು ತಿಂದು ಬೆಳೆಯುವ ದೊಡ್ಡ ಮೀನಾದ್ದರಿಂದ ಅದನ್ನು ತಿಂಗಳಿಗೆ ಒಂದೆರಡು ಸಲ ಮಾತ್ರ ಇಟ್ಟುಕೊಳ್ಳಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಇರುವ ಮನೆಯಲ್ಲಂತೂ ಚಿಕ್ಕ ಮೀನೇ ಮೇಲು. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಬೂತಾಯಿಗೆ ಕೊಬ್ಬು ಏರಿರುತ್ತದೆ. ಆಗ ಅದನ್ನು ಕಾವಲಿಗೆ ಹಾಕಿದರೆ ತನ್ನ ಎಣ್ಣೆಯನ್ನು ತಾನೇ ಬಿಡುತ್ತದೆ.

ಬೆಂಗಳೂರಿನ ಅಂಗಡಿಗಳಲ್ಲಿ ಹೆಸರಿನ ಗೊಂದಲ ಆಗುತ್ತದೆ. ಕೇರಳದವರ ಅಂಗಡಿಯಲ್ಲಿ ಬಂಗುಡೆ ‘ಅಯಿಲ’, ಬೂತಾಯಿ ‘ಮತ್ತಿ’. ತಮಿಳಿನವರಲ್ಲಿ ಅಂಜಲ್ ‘ವಂಜಿರಂ’. ಕಾರವಾರದವರು ಬೂತಾಯಿಯನ್ನು ‘ತಾರ್ಲೆ’ ಎನ್ನುತ್ತಾರೆ. ಮುಳ್ಳು ಆರಿಸಲು ಕಷ್ಟಪಡುವವರಿಗೆ, ಹೊಟ್ಟೆಗೆ ಹಗುರ ಬೇಕೆನ್ನುವವರಿಗೆ ಕಾಣೆ, ನಂಗ್, ಕೊಡ್ಡಾಯಿಯಂಥ ಬಿಳಿ ಮಾಂಸದ ಮೀನು ಚೆನ್ನ. ಇವುಗಳಲ್ಲಿ ಕೊಬ್ಬು ಕಡಿಮೆ, ಹಾಗೆಯೇ ಒಮೇಗಾ-3 ಕೂಡ ಬಂಗುಡೆಯಷ್ಟಿಲ್ಲ. ವಾರದಲ್ಲಿ ಮೀನು ಮಾಡುವ ಎರಡು ದಿನಗಳಲ್ಲಿ ಒಂದು ದಿನ ಬಂಗುಡೆ ಅಥವಾ ಬೂತಾಯಿ, ಇನ್ನೊಂದು ದಿನ ಇಷ್ಟವಾದ ಬಿಳಿ ಮಾಂಸದ ಮೀನು, ಹೀಗೆ ಮಾಡಿದರೆ ಸಾಕು. ಅಮೆರಿಕದ ಹೃದಯ ಸಂಘದವರು ಹೇಳುವ ಒಂದು ಪಾಲು ಎಂದರೆ ಬೆಂದ ಮೀನು ಸುಮಾರು 85 ಗ್ರಾಂ. ಮಧ್ಯಮ ಗಾತ್ರದ ಒಂದು ಬಂಗುಡೆಯಲ್ಲಿ ತಲೆ, ಮುಳ್ಳು ಕಳೆದು ಹೆಚ್ಚುಕಡಿಮೆ ಅಷ್ಟೇ ಮಾಂಸ ಸಿಗುತ್ತದೆ.

ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಾಗಿ ಒದ್ದೆಯಾಗಿ ಇರಬೇಕು. ಕಂದು ತಿರುಗಿದ್ದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಹೊಟ್ಟೆ ಒತ್ತಿದರೆ ಗುಳಿ ನಿಲ್ಲಬಾರದು. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಅದು ಹಳೆಯದು. ಕಿವಿರು ಕೆಂಪಾಗಿದ್ದೂ ಮೀನಿಗೆ ಸಮುದ್ರದ ವಾಸನೆಯೇ ಇಲ್ಲದೆ, ಮಾಂಸ ರಬ್ಬರಿನಂತೆ ಬಿಗಿದಿದ್ದರೆ, ನೊಣವೂ ಕೂರದಿದ್ದರೆ ಆ ಅಂಗಡಿ ಬಿಟ್ಟುಬಿಡಿ. 2018ರಲ್ಲಿ ಕೇರಳದಲ್ಲಿ, ಕೆಡದಂತೆ ಇಡಲು ಫಾರ್ಮಲಿನ್ ಎಂಬ ವಿಷಕಾರಿ ರಾಸಾಯನಿಕ ಹಾಕಿದ ಮೀನು ದೊಡ್ಡ ಪ್ರಮಾಣದಲ್ಲಿ ಸಿಕ್ಕಿಬಿದ್ದಿತ್ತು.

ಇನ್ನೂ ಮುಖ್ಯವಾದ ಮಾತು ಐಸಿನದು. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಜಾತಿಯ ಮೀನುಗಳು ಬಿಸಿಲಲ್ಲಿ ಕೂತರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ. ‘ಬಂಗುಡೆ ನಮಗೆ ನಂಜು’ ಎನ್ನುವ ಕೆಲವರಿಗೆ ನಿಜವಾಗಿ ಆಗಿರುವುದು ಇದೇ. ಹಿಸ್ಟಮಿನ್ ಒಮ್ಮೆ ಹುಟ್ಟಿದ ಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಆದ್ದರಿಂದ ಐಸ್ ಕಾಣದ ತಟ್ಟೆಯಿಂದ ಬಂಗುಡೆ ಕೊಳ್ಳಬೇಡಿ. ಕೊಂಡ ಮೇಲೆ ಬೇರೆ ಸಾಮಾನು ಕೊಳ್ಳುತ್ತ ತಿರುಗದೆ ನೇರ ಮನೆಗೆ ಬನ್ನಿ. ದೂರವಿದ್ದರೆ ಮೀನಿನ ಕವರಿನೊಳಗೆ ಐಸ್ ಹಾಕಿಸಿಕೊಳ್ಳಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆ ಕಡೆಯ ಮೀನು ಬೆಂಗಳೂರಿಗೆ ಬರುತ್ತದೆ. ಈ ಎರಡು ತಿಂಗಳು ‘ಮಲ್ಪೆಯ ತಾಜಾ ಬಂಗುಡೆ’ ಎಂದು ರಾಶಿ ಹಾಕಿದ್ದರೆ ಎರಡು ಸಲ ಕೇಳಿ ನೋಡಿ. ಆ ದಿನಗಳಿಗೆ ಕೆರೆ ಮೀನು ಇದ್ದೇ ಇದೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಈಗ ಭಾನುವಾರದ ಕೆಲಸ. ಒಂದು ಕಿಲೋ ಬಂಗುಡೆಗೆ ಐದಾರು ಮೀನು ಬರುತ್ತವೆ. ಅಂಗಡಿಯಲ್ಲೇ ಶುಚಿ ಮಾಡಿಸಿದರೂ ಮನೆಗೆ ಬಂದು ಎರಡು ಜಾಗ ನೋಡಿ. ಒಂದು, ಹೊಟ್ಟೆಯೊಳಗೆ ನಡುಮುಳ್ಳಿಗೆ ಅಂಟಿಕೊಂಡಿರುವ ಕಪ್ಪುಗೆಂಪು ರಕ್ತದ ಗೆರೆ. ಇನ್ನೊಂದು, ಹೊಟ್ಟೆಯ ಒಳಮೈಯ ಕಪ್ಪು ಪೊರೆ. ಎರಡನ್ನೂ ಹೆಬ್ಬೆರಳಿನ ಉಗುರಿನಿಂದ ಅಥವಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಕಹಿಯೂ ಕೆಟ್ಟ ವಾಸನೆಯೂ ಬಹುಮಟ್ಟಿಗೆ ಅಲ್ಲಿಂದಲೇ. ಕಲ್ಲುಪ್ಪು, ಅರಿಸಿನ ಹಾಕಿ ಉಜ್ಜಿ, ತಣ್ಣೀರಿನಲ್ಲಿ ಎರಡು ಸಲ ತೊಳೆದು ನಿಲ್ಲಿಸಿ. ಏಳೆಂಟು ನೀರು ತೊಳೆಯುವ ಅಭ್ಯಾಸ ಬೇಡ, ಮಾಂಸ ನೀರು ಕುಡಿದು ಸಡಿಲವಾಗುತ್ತದೆ. ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದೊಂದು ಡಬ್ಬಿಗೆ ಹಾಕಿ. ಮರುದಿನ ಮಾಡುವುದಿದ್ದರೆ ಫ್ರಿಜ್ಜಿನ ಅತಿ ತಣ್ಣಗಿನ ತಟ್ಟೆಯಲ್ಲಿ, ಅದಕ್ಕಿಂತ ತಡವಾದರೆ ಫ್ರೀಜರಿನಲ್ಲಿ. ಕೊಬ್ಬಿನ ಮೀನು ಫ್ರೀಜರಿನಲ್ಲೂ ಕಮಟುತ್ತದೆ, ಹಾಗಾಗಿ ಮನೆಯ ಫ್ರೀಜರಿನಲ್ಲಿ ಬಂಗುಡೆ, ಬೂತಾಯಿಯನ್ನು ಒಂದು ತಿಂಗಳೊಳಗೆ ಮುಗಿಸಿ.

ಫ್ರೀಜರಿನ ಮೀನನ್ನು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಕೆಳಗಿನ ಫ್ರಿಜ್ಜಿಗೆ ಇಳಿಸಿದರೆ ಸಂಜೆಗೆ ಸರಿಯಾಗಿ ಕರಗಿರುತ್ತದೆ. ಮರೆತರೆ, ಗಾಳಿಯಾಡದ ಕವರಿನಲ್ಲಿಟ್ಟು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆ ಸಾಕು. ಬಿಸಿನೀರಿಗೆ ಹಾಕಿದರೆ ಹೊರಗಿನ ಪದರ ಬೆಂದು ಒಳಗೆ ಕಲ್ಲಾಗಿರುತ್ತದೆ, ಆ ಮೀನು ಒಡೆದೇ ಒಡೆಯುತ್ತದೆ.

ಮಸಾಲೆಗೆ ಕಾಯಿ ಬೇಡದ ಪುಳಿಮುಂಚಿಯನ್ನೇ, ಅಂದರೆ ಹುಣಿಸೆ, ಮೆಣಸಿನ ಹುಳಿಖಾರದ ಪದಾರ್ಥವನ್ನೇ ಆಧಾರ ಮಾಡಿಕೊಳ್ಳಿ. ಇದು ನಿಮ್ಮೂರಿನ ರುಚಿ, ಅತ್ತೆಯವರೂ ಬೇಡ ಎನ್ನುವುದಿಲ್ಲ, ಮತ್ತು ಇದರಷ್ಟು ಕಡಿಮೆ ಕೊಬ್ಬಿನ ಮೀನಿನ ಪದಾರ್ಥ ಕರಾವಳಿಯಲ್ಲಿ ಇನ್ನೊಂದು ಹುಡುಕುವುದು ಕಷ್ಟ. ಮೂರು ಸಲಕ್ಕೆ ಆಗುವ ಅಳತೆ ಕೊಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ 30, ಖಾರದ ಗಿಡ್ಡ ಮೆಣಸು 5 ಅಥವಾ 6, ಕೊತ್ತಂಬರಿ ಬೀಜ 3 ದೊಡ್ಡ ಚಮಚ, ಜೀರಿಗೆ 1 ಚಮಚ, ಕಾಳುಮೆಣಸು 1 ಚಮಚ, ಮೆಂತ್ಯ ಅರ್ಧ ಚಮಚ, ಓಮ ಕಾಲು ಚಮಚ, ಅರಿಸಿನ ಮುಕ್ಕಾಲು ಚಮಚ, ಬೆಳ್ಳುಳ್ಳಿ 12 ಎಸಳು, ದೊಡ್ಡ ನಿಂಬೆ ಗಾತ್ರದ ಹುಣಿಸೆಹಣ್ಣು, ಉಪ್ಪು 2 ಚಮಚ. ಇಲ್ಲಿ ಚಮಚ ಎಂದರೆ 5 ಮಿಲಿ, ದೊಡ್ಡ ಚಮಚ 15 ಮಿಲಿ.

ಮೆಣಸಿನಕಾಯಿಯ ತೊಟ್ಟು ತೆಗೆದು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿ. ನೆನೆದ ಬ್ಯಾಡಗಿ ನಯವಾಗಿ ಅರೆಯುತ್ತದೆ, ಬಣ್ಣವನ್ನೂ ಪೂರ್ತಿ ಬಿಡುತ್ತದೆ. ಹುರಿದ ಮೆಣಸು ಒಂದು ಕ್ಷಣ ಹೆಚ್ಚಾದರೂ ಕಪ್ಪಾಗಿ ಕಹಿ ಕೊಡುತ್ತದೆ, ಆ ಅಪಾಯವೂ ತಪ್ಪಿತು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಓಮವನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬಿಸಿ ಮಾಡಿ. ಮೆಂತ್ಯವನ್ನು ಬೇರೆಯಾಗಿ ಹುರಿಯಿರಿ. ಹೊಂಬಣ್ಣ ಬಂದಾಗ ಇಳಿಸಬೇಕು, ಕೆಂಪಾದರೆ ಇಡೀ ಮಸಾಲೆ ಕಹಿ. ಎಲ್ಲ ಸೇರಿಸಿ, ಸಾಧ್ಯವಾದಷ್ಟು ಕಡಿಮೆ ನೀರಿನಲ್ಲಿ ಗಂಧದಂತೆ ನುಣ್ಣಗೆ ಅರೆಯಿರಿ. ಅರೆಯುವಾಗ ನೀರಿನ ಬದಲು ಎರಡು ದೊಡ್ಡ ಚಮಚ ವಿನೆಗರ್ ಬಳಸಿದರೆ ಬಾಳಿಕೆ ಹೆಚ್ಚು. ಒಣಗಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಐಸ್ ಟ್ರೇಯಲ್ಲಿ ಗಟ್ಟಿಮಾಡಿ ಕವರಿಗೆ ಹಾಕಿ ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳು. ಒದ್ದೆ ಚಮಚ ಹಾಕಿದರೆ ಮಾತ್ರ ನಾಲ್ಕೇ ದಿನದಲ್ಲಿ ಬೂಸ್ಟು ಬರುತ್ತದೆ.

ಸಂಜೆಯ ಪುಳಿಮುಂಚಿಗೆ ನಾಲ್ಕು ಬಂಗುಡೆ, ಒಂದೊಂದನ್ನು ಎರಡು ತುಂಡು ಮಾಡಿ. ಅಗಲವಾದ ಬಾಣಲೆ ಅಥವಾ ಮಣ್ಣಿನ ಚಟ್ಟಿ ಇಟ್ಟು 2 ಚಮಚ ಎಣ್ಣೆ ಕಾಯಿಸಿ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಒಂದು ಇಂಚು ಶುಂಠಿ, ಸೀಳಿದ ಎರಡು ಹಸಿಮೆಣಸು, ಒಂದು ಎಸಳು ಕರಿಬೇವು ಹಾಕಿ ಎರಡು ನಿಮಿಷ ಬಾಡಿಸಿ. ಮಸಾಲೆ 4 ದೊಡ್ಡ ಚಮಚ ಹಾಕಿ ಎರಡು ನಿಮಿಷ ಕೈಯಾಡಿಸಿ. ಒಂದು ಲೋಟ, ಅಂದರೆ 200 ಮಿಲಿ ನೀರು ಹೊಯ್ದು ನಾಲ್ಕು ನಿಮಿಷ ಚೆನ್ನಾಗಿ ಕುದಿಸಿ. ಹಸಿ ವಾಸನೆ ಹೋಗಬೇಕಾದ್ದು ಈ ಹಂತದಲ್ಲಿ, ಮೀನು ಬೀಳುವ ಮೊದಲು. ಮೀನು ಹಾಕಿದ ಮೇಲೆ ‘ಮಸಾಲೆ ಇನ್ನೂ ಹಸಿ’ ಎಂದು ಕುದಿಸುತ್ತಾ ಹೋದರೆ ಮಸಾಲೆ ಸರಿಯಾಗುವ ಹೊತ್ತಿಗೆ ಮೀನು ಹತ್ತಿಯಾಗಿರುತ್ತದೆ. ಉಪ್ಪು, ಹುಳಿ ಸಹ ಈಗಲೇ ನೋಡಿಬಿಡಿ. ಮೀನು ಹಾಕಿದ ಮೇಲೆ ಉಪ್ಪು ಕದಡಲು ಹೋದರೆ ಹೋಳು ಒಡೆಯುತ್ತದೆ.

ಆಮೇಲೆ ಉರಿ ಸಣ್ಣ ಮಾಡಿ, ತುಂಡುಗಳನ್ನು ಒಂದರ ಪಕ್ಕ ಒಂದರಂತೆ ಹಾಸಿ. ಒಂದರ ಮೇಲೊಂದು ಪೇರಿಸಬೇಡಿ. ರಸ ತುಂಡಿನ ಮುಕ್ಕಾಲು ಎತ್ತರಕ್ಕೆ ಬಂದರೆ ಸಾಕು, ಮೀನೇ ಇನ್ನಷ್ಟು ನೀರು ಬಿಡುತ್ತದೆ. ಮುಚ್ಚಿ ಐದು ನಿಮಿಷ. ಸೌಟು ಹಾಕಬೇಡಿ. ಬಾಣಲೆಯ ಎರಡೂ ಕಿವಿ ಹಿಡಿದು ಒಮ್ಮೆ ಸುತ್ತು ಅಲುಗಿಸಿ, ಮುಚ್ಚಳ ತೆಗೆದು ಇನ್ನೆರಡು ಮೂರು ನಿಮಿಷ, ಅಷ್ಟೇ. ಬೆಂದಿದೆಯೇ ಎಂದು ನೋಡಲು ದಪ್ಪ ಜಾಗದಲ್ಲಿ ನಡುಮುಳ್ಳಿನ ಬಳಿ ಚೂಪಾದ ಚಾಕು ಚುಚ್ಚಿ. ಮಾಂಸ ಮುಳ್ಳು ಬಿಟ್ಟು ಬಂದು, ಪಾರದರ್ಶಕತೆ ಹೋಗಿ ಬೆಳ್ಳಗಾಗಿದ್ದರೆ ಆಯಿತು. ಅಡುಗೆಯ ಥರ್ಮಾಮೀಟರ್ ಇದ್ದವರಿಗೆ 63 ಡಿಗ್ರಿ ಸೆಲ್ಸಿಯಸ್. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಹುಳಿ ಖಾರ ಒಳಗಿಳಿಯುತ್ತದೆ. ಕುಚ್ಚಲಕ್ಕಿ ಅನ್ನ ಬೇರೆ ಒಲೆಯಲ್ಲಿ ಆಗುತ್ತಿದ್ದರೆ ಎರಡೂ ಒಟ್ಟಿಗೆ ಸಿದ್ಧ.

ಮೀನು ಏಕೆ ಇಷ್ಟು ಬೇಗ ಒಡೆಯುತ್ತದೆ ಎಂಬುದು ಗೊತ್ತಿದ್ದರೆ ಮುಂದಿನ ತಪ್ಪುಗಳೆಲ್ಲ ತಪ್ಪುತ್ತವೆ. ಕೋಳಿ, ಕುರಿಯ ಮಾಂಸವನ್ನು ಹಿಡಿದಿಡುವ ಕೊಲಾಜೆನ್ ಮೀನಿನಲ್ಲಿ ತುಂಬಾ ಕಡಿಮೆ, ಇರುವುದೂ ದುರ್ಬಲ. ಸ್ವಲ್ಪ ಬಿಸಿಗೇ ಅದು ಕರಗಿ, ಮಾಂಸದ ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಕುರಿ ಮಾಂಸ ಹೆಚ್ಚು ಬೇಯಿಸಿದಷ್ಟು ಮೆತ್ತಗಾಗುತ್ತದೆ. ಮೀನು ಹೆಚ್ಚು ಬೇಯಿಸಿದಷ್ಟು ನೀರು ಬಿಟ್ಟು ಒಣಗುತ್ತದೆ. ಹೋಳಿನ ಮೈಮೇಲೆ ಬಿಳಿ ಮೊಸರಿನಂಥ ಗಂಟುಗಳು ಹೊರಬಂದರೆ ಉರಿ ಜೋರಾಯಿತು ಎಂದೇ ತಿಳಿಯಿರಿ.

ಕಾವಲಿಗೆ ಕಚ್ಚುವುದಕ್ಕೆ ನೀವು ಎಣ್ಣೆ ಕಡಿಮೆ ಹಾಕಿದ್ದು ಕಾರಣವಲ್ಲ. ಮೂರು ಕಾರಣಗಳಿರುತ್ತವೆ: ಮೀನು ಒದ್ದೆ, ಕಾವಲಿ ಸರಿಯಾಗಿ ಕಾದಿಲ್ಲ, ಮಗುಚುವ ಆತುರ. ಹಸಿ ಮೀನಿನ ಪ್ರೋಟೀನು ಕಬ್ಬಿಣಕ್ಕೆ ತಾಗಿದ ಕೂಡಲೇ ಅಂಟುತ್ತದೆ. ಆಮೇಲೆ ಅಡಿಯಲ್ಲಿ ಗರಿಯಾದ ಪದರ ಕಟ್ಟಿಕೊಂಡಾಗ ತಾನಾಗಿ ಬಿಡುತ್ತದೆ. ಮೈಯಲ್ಲಿ ನೀರಿದ್ದರೆ ಆ ಪದರ ಕಟ್ಟುವುದೇ ಇಲ್ಲ, ಅದು ಬೇಯುತ್ತದೆ ಹೊರತು ಕಾಯುವುದಿಲ್ಲ.

ಹಾಗಾಗಿ ಫ್ರೈ ಮಾಡುವ ಕ್ರಮ ಹೀಗಿರಲಿ. ಬಂಗುಡೆಯ ಎರಡೂ ಬದಿ ಮುಳ್ಳು ತಾಗುವವರೆಗೆ ಮೂರು ಮೂರು ಗೀರು ಹಾಕಿ ಮೈ ಪೂರ್ತಿ ಒರೆಸಿ. ಮೇಲಿನ ಮಸಾಲೆಯೇ 3 ದೊಡ್ಡ ಚಮಚ, ಅದಕ್ಕೆ ಅಕ್ಕಿ ಹಿಟ್ಟು 2 ಚಮಚ ಕಲಸಿ, ಗೀರಿನೊಳಗೂ ಹೊಟ್ಟೆಯೊಳಗೂ ತೆಳ್ಳಗೆ ಸವರಿ. ದಪ್ಪವಾಗಿ ಮೆತ್ತಿದರೆ ಮಸಾಲೆ ಕಾವಲಿಯಲ್ಲೇ ಉಳಿದು ಸೀಯುತ್ತದೆ. ಹದಿನೈದು ನಿಮಿಷ ಸಾಕು. ನಿಂಬೆರಸ ಹಾಕಿ ಎರಡು ಗಂಟೆ ಇಟ್ಟರೆ ಹುಳಿಗೆ ಮಾಂಸ ಆಗಲೇ ಅರ್ಧ ಬೆಂದಂತಾಗಿ, ಕಾವಲಿಯಲ್ಲಿ ಪುಡಿಯಾಗುತ್ತದೆ. ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಿ. ನೀರಿನ ಹನಿ ಬಿದ್ದರೆ ಗುಂಡಾಗಿ ಓಡಬೇಕು. ಈಗ 2 ಚಮಚ ಎಣ್ಣೆ ಹರಡಿ, ಮೀನು ಇಟ್ಟು ನಾಲ್ಕು ನಿಮಿಷ ಮುಟ್ಟಬೇಡಿ. ಅಂಚು ಗರಿಯಾಗಿ, ತಟ್ಟೆಯಂಥ ತೆಳು ಸಟ್ಟುಗ ತೂರಿಸಿದಾಗ ತಡೆಯಿಲ್ಲದೆ ಜಾರಿದರೆ ಮಗುಚಿ. ತಡೆಯುತ್ತಿದ್ದರೆ ಇನ್ನೊಂದು ನಿಮಿಷ ಬಿಡಿ. ಇನ್ನೊಂದು ಬದಿಗೆ ಬದಿಯಲ್ಲಿ 1 ಚಮಚ ಎಣ್ಣೆ ಬಿಟ್ಟು ಮೂರು ನಾಲ್ಕು ನಿಮಿಷ. ನಾಲ್ಕು ಮೀನಿಗೆ 3 ಚಮಚ ಎಣ್ಣೆ ಎಂದರೆ ತಲೆಗೆ ಒಂದು ಚಮಚವೂ ಬೀಳುವುದಿಲ್ಲ. ಒಂದೇ ಸಲಕ್ಕೆ ನಾಲ್ಕೂ ತುರುಕಿದರೆ ಕಾವಲಿ ತಣ್ಣಗಾಗಿ ನೀರು ಬಿಡುತ್ತದೆ, ಎರಡೆರಡು ಹಾಕಿ. ನಾನ್‌ಸ್ಟಿಕ್ ಇದ್ದರೆ ಇದಕ್ಕಿಂತ ಸುಲಭ, ಆದರೆ ಅದನ್ನು ಖಾಲಿ ಇಟ್ಟು ಜೋರು ಉರಿಯಲ್ಲಿ ಕಾಯಿಸಬಾರದು.

ರವೆ ಹೊರಳಿಸುವುದು ಹೋಟೆಲಿನ ಪದ್ಧತಿ. ಗರಿಗರಿ ಬರುತ್ತದೆ ನಿಜ, ಆದರೆ ರವೆ ಎಣ್ಣೆ ಹೀರುತ್ತದೆ. ಕಡಿಮೆ ಎಣ್ಣೆಯಲ್ಲಿ ಮಾಡಿದರೆ ರವೆ ಅಲ್ಲಲ್ಲಿ ಬೆಳ್ಳಗೆ ಹಸಿಯಾಗಿಯೇ ಉಳಿಯುತ್ತದೆ. ಅತ್ತೆಯವರ ಪಾಲಿಗಂತೂ ಅಕ್ಕಿ ಹಿಟ್ಟೇ ಸಾಕು.

ಒಡೆಯುವುದು, ವಾಸನೆ, ಎಣ್ಣೆ, ಮೂರಕ್ಕೂ ಒಟ್ಟಿಗೆ ಉತ್ತರ ಬಾಳೆಲೆಯಲ್ಲಿದೆ. ನನ್ನ ಮಟ್ಟಿಗೆ ವಾರದ ದಿನಕ್ಕೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ತಲೆ ತೆಗೆದ ಹತ್ತು ಬೂತಾಯಿಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು, 3 ಹಸಿಮೆಣಸು, ಅರ್ಧ ಇಂಚು ಶುಂಠಿ, 4 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಕಾಳುಮೆಣಸು, 2 ದೊಡ್ಡ ಚಮಚ ಕಾಯಿತುರಿ, ಅರ್ಧ ಹೋಳು ನಿಂಬೆರಸ, ಮುಕ್ಕಾಲು ಚಮಚ ಉಪ್ಪು, ನೀರು ಹಾಕದೆ ತರಿತರಿಯಾಗಿ ಅರೆದು ಮೀನಿಗೆ ಹಚ್ಚಿ. ಬಾಳೆಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿಕೊಳ್ಳಿ, ಇಲ್ಲವಾದರೆ ಮಡಿಸುವಾಗ ಸೀಳುತ್ತದೆ. ಐದೈದು ಮೀನು ಒಂದು ಪೊಟ್ಟಣ, ಮಡಿಕೆ ಕೆಳಗೆ ಬರುವಂತೆ ಕಾವಲಿ ಮೇಲೆ ಇಟ್ಟು, ಮೇಲೊಂದು ಪಾತ್ರೆ ಮುಚ್ಚಿ. ಮಧ್ಯಮ ಉರಿಯಲ್ಲಿ ಒಂದು ಬದಿ ಆರು ನಿಮಿಷ, ಮಗುಚಿ ಇನ್ನೊಂದು ಬದಿ ಐದು ನಿಮಿಷ. ಎಲೆ ಕಂದಾಗಿ ಅಲ್ಲಲ್ಲಿ ಕರಕಾದರೆ ಹೆದರಬೇಡಿ, ಆ ಘಮ ಮೀನಿಗೆ ಬೇಕು. ಎಣ್ಣೆ ಒಂದು ಹನಿಯೂ ಬೇಡ. ಅರಿಸಿನ ಎಲೆ ಸಿಕ್ಕಿದರೆ ಒಳಗೆ ಒಂದು ಹಾಸಿ. ಕಾಣೆ, ಸಣ್ಣ ಮಾಂಜಿಗೂ ಇದೇ ಕ್ರಮ.

ಅತ್ತೆಯವರಿಗೆ ಖಾರ ಆಗದ ದಿನ ಇಡ್ಲಿ ಪಾತ್ರೆ ಇಡಿ. ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಕೊಡ್ಡಾಯಿ ಅಥವಾ ಕಾಣೆಯ ಹೋಳು, ಮೇಲೆ ಉದ್ದುದ್ದ ಸೀಳಿದ ಶುಂಠಿ, ಜಜ್ಜಿದ ಬೆಳ್ಳುಳ್ಳಿ, ಜಜ್ಜಿದ ಕಾಳುಮೆಣಸು, ಉಪ್ಪು, ಚಿಟಿಕೆ ಅರಿಸಿನ. ನೀರು ಕುದಿ ಬಂದ ಮೇಲೆ ತಟ್ಟೆ ಒಳಗಿಡಬೇಕು, ಮೊದಲೇ ಇಟ್ಟರೆ ಲೆಕ್ಕ ತಪ್ಪುತ್ತದೆ. ಎರಡು ಸೆಂಟಿಮೀಟರ್ ಹೋಳಿಗೆ ಎಂಟು ನಿಮಿಷ. ತಟ್ಟೆಯಲ್ಲಿ ಇಳಿದ ರಸ ಚೆಲ್ಲಬೇಡಿ, ನಿಂಬೆ ಹಿಂಡಿ ಅನ್ನಕ್ಕೆ ಕಲಸಿ ಕೊಡಿ. ನಿಂಬೆ ಕೊನೆಗೇ ಹಿಂಡಬೇಕು.

ಗಸಿಯನ್ನು ಪೂರ್ತಿ ಬಿಡಬೇಕೆಂದೇನೂ ಇಲ್ಲ. ಒಂದು ಇಡೀ ಕಾಯಿಯ ಜಾಗದಲ್ಲಿ ನಾಲ್ವರಿಗೆ ಅರ್ಧ ಕಪ್ ತುರಿ ಸಾಕು. ದಪ್ಪ ಬರಲು ಅರೆಯುವಾಗ ಒಂದು ಸಣ್ಣ ಈರುಳ್ಳಿ, ಒಂದು ಚಮಚ ನೆನೆಸಿದ ಅಕ್ಕಿ ಸೇರಿಸಿ. ಪುಳಿಮುಂಚಿ ಮಸಾಲೆ ಸಿದ್ಧವಿದ್ದರೆ ಕಾಯಿ ಮಾತ್ರ ಅರೆದು ಬೆರೆಸಿದರಾಯಿತು. ಒಗ್ಗರಣೆಗೆ ತೆಂಗಿನೆಣ್ಣೆ ಒಂದು ಚಮಚದ ಮೇಲೆ ಬೇಡ, ಅದರ ಬಹುಪಾಲು ಕೊಲೆಸ್ಟ್ರಾಲ್ ಏರಿಸುವ ಜಾತಿಯ ಸ್ಯಾಚುರೇಟೆಡ್ ಕೊಬ್ಬು. ಕಾವಲಿಗೆ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಬಳಸಿ. ಉತ್ತರ ಕನ್ನಡದವರಂತೆ ಬಂಗುಡೆ ಸಾರಿಗೆ ನಾಲ್ಕೈದು ಜುಮ್ಮನಕಾಯಿ ಜಜ್ಜಿ ಹಾಕಿ ನೋಡಿ, ಕೊಂಕಣಿಗರು ತೆಪ್ಪಳ ಎನ್ನುವುದು ಇದನ್ನೇ. ಒಗ್ಗರಣೆಯೇ ಬೇಡವೆನಿಸುವಷ್ಟು ಘಮ ಕೊಡುತ್ತದೆ. ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆ ಮಾತ್ರ ಬಳಸಿ.

ಜೂನ್, ಜುಲೈಯಲ್ಲಿ ಕಾಟ್ಲಾ, ರೋಹು ತನ್ನಿ. ಈ ಮೀನುಗಳ ಮಣ್ಣಿನ ವಾಸನೆಗೆ ಕರಾವಳಿಯವರು ಮೂಗು ಮುರಿಯುತ್ತಾರೆ. ಕೆರೆಯ ಪಾಚಿ, ಸೂಕ್ಷ್ಮಜೀವಿಗಳಿಂದ ಬರುವ ಜಿಯೋಸ್ಮಿನ್ ಎಂಬ ಪದಾರ್ಥ ಮೀನಿನ ಚರ್ಮದಲ್ಲೂ ಹೊಟ್ಟೆಯ ಕೊಬ್ಬಿನಲ್ಲೂ ಕೂರುವುದು ಇದಕ್ಕೆ ಕಾರಣ. ಹುಳಿ ಅದನ್ನು ಒಡೆಯುತ್ತದೆ. ಹೋಳುಗಳನ್ನು ಹುಳಿಮಜ್ಜಿಗೆಯಲ್ಲಿ ಅಥವಾ ಹುಣಿಸೆ ನೀರಿನಲ್ಲಿ ಉಪ್ಪು ಹಾಕಿ ಇಪ್ಪತ್ತು ನಿಮಿಷ ನೆನೆಸಿ, ಹೊಟ್ಟೆಯ ಕೊಬ್ಬಿನ ಭಾಗ ಕತ್ತರಿಸಿ ತೆಗೆದು, ತೊಳೆದು ಬಳಸಿ. ಈ ಮೀನಿಗೆ ಹಳೇ ಮೈಸೂರಿನ ಮೀನು ಸಾರೇ ಹೊಂದುತ್ತದೆ. ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಸಾರಿನ ಪುಡಿ 3 ದೊಡ್ಡ ಚಮಚ, ಎರಡೇ ಚಮಚ ಕಾಯಿತುರಿ ಅರೆದು, ಹುಣಿಸೆ ರಸ ಸೇರಿಸಿ ಹತ್ತು ನಿಮಿಷ ಕುದಿಸಿ, ಹೋಳು ಹಾಕಿ ಹತ್ತು ನಿಮಿಷ. ಮುದ್ದೆ ಜೊತೆಗೆ ತಿಂದರೆ ಅನ್ನದ ಲೆಕ್ಕವೂ ಕಡಿಮೆಯಾಗುತ್ತದೆ. ಕಾಟ್ಲಾದ ಬಾಲದ ಭಾಗದಲ್ಲಿ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ, ಅತ್ತೆಯವರಿಗೆ ಹೊಟ್ಟೆಯ ಹತ್ತಿರದ ಹೋಳು ಬಡಿಸಿ.

ಇನ್ನು ವಾಸನೆ. ಸಮುದ್ರ ಮೀನು ಹಳತಾಗುತ್ತಾ ಹೋದಂತೆ ಟ್ರೈಮಿಥೈಲಮೈನ್ ಎಂಬ ಆವಿಯಾಗುವ ಪದಾರ್ಥ ಹುಟ್ಟುತ್ತದೆ, ‘ಮೀನು ವಾಸನೆ’ ಎನ್ನುವುದು ಅದನ್ನೇ. ಹುಳಿ ತಾಗಿದರೆ ಅದು ಆವಿಯಾಗದ ರೂಪಕ್ಕೆ ತಿರುಗುತ್ತದೆ. ಹುಣಿಸೆ, ಪುನರ್ಪುಳಿ, ನಿಂಬೆ ಇಲ್ಲದ ಮೀನಿನ ಪದಾರ್ಥ ಕರಾವಳಿಯಲ್ಲಿ ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ. ಮೀನು ಮುಟ್ಟಿದ ಚಾಕು, ಹಲಗೆ, ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಮೊದಲೇ ಬಿದ್ದರೆ ಪ್ರೋಟೀನು ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ. ನಂತರ ಸಾರಿಗೆ ಹಿಂಡಿದ ಹುಣಿಸೆ ಚರಟದಿಂದಲೇ ಉಜ್ಜಿ, ಆಮೇಲೆ ಸೋಪು. ಕಿಟಕಿ, ಎಕ್ಸಾಸ್ಟ್ ಫ್ಯಾನನ್ನು ಮೀನು ಹಾಕುವುದಕ್ಕೆ ಐದು ನಿಮಿಷ ಮೊದಲೇ ತೆರೆಯಿರಿ, ಮಲಗುವ ಕೋಣೆಯ ಬಾಗಿಲು ಮುಚ್ಚಿ. ತಲೆ, ಕರುಳನ್ನು ಕವರಿನಲ್ಲಿ ಬಿಗಿದು ಕಸದ ಗಾಡಿ ಬರುವವರೆಗೆ ಫ್ರೀಜರಿನ ಮೂಲೆಯಲ್ಲಿಡಿ. ಮನೆಯಲ್ಲಿ ಮರುದಿನವೂ ವಾಸನೆ ಉಳಿಯುವುದು ಹೆಚ್ಚಾಗಿ ಕಸದ ಬುಟ್ಟಿಯಿಂದ.

ಅತ್ತೆಯವರ ವಿಷಯದಲ್ಲಿ ಎರಡು ಮಾತು ಸೇರಿಸಬೇಕು. ಅವರಿಗೆ ಯೂರಿಕ್ ಆಸಿಡ್ ಹೆಚ್ಚಿದ್ದರೆ, ಗೌಟ್ ನೋವು ಬಂದಿದ್ದರೆ ಬೂತಾಯಿ, ಬಂಗುಡೆ ಹಿತವಲ್ಲ, ಇವುಗಳಲ್ಲಿ ಯೂರಿಕ್ ಆಸಿಡ್ ಏರಿಸುವ ಪ್ಯೂರಿನ್ ಜಾಸ್ತಿ. ಆಗ ಬಿಳಿ ಮೀನನ್ನೂ ಎಷ್ಟು ಕೊಡಬಹುದೆಂದು ಡಾಕ್ಟರನ್ನೇ ಕೇಳಿ. ರಕ್ತದೊತ್ತಡವೂ ಇದ್ದರೆ ಒಣಮೀನು, ಉಪ್ಪುಮೀನು ಅವರ ತಟ್ಟೆಗೆ ಬೇಡ. ನೆನೆಸಿ ತೊಳೆದರೂ ಉಪ್ಪು ಬಹಳಷ್ಟು ಉಳಿಯುತ್ತದೆ. ಮೇಲಿನ ಮಸಾಲೆಗೆ ಹೇಳಿದ 2 ಚಮಚ ಉಪ್ಪು ಬಾಳಿಕೆಗಾಗಿ. ಅದು ಮೂರು ಅಡುಗೆಗೆ ಹಂಚಿಹೋಗುತ್ತದೆ, ಆದ್ದರಿಂದ ರುಚಿ ನೋಡದೆ ಮೇಲೆ ಉಪ್ಪು ಸುರಿಯಬೇಡಿ.

ಪುಳಿಮುಂಚಿ ಉಳಿದರೆ ತಣಿದ ಕೂಡಲೇ, ಎರಡು ಗಂಟೆ ಮೀರದಂತೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ಇಡೀ ಚಟ್ಟಿ ಒಲೆಗೇರಿಸದೆ, ತಿನ್ನುವಷ್ಟನ್ನೇ ಬೇರೆ ಪಾತ್ರೆಗೆ ತೆಗೆದು, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಹೊಗೆಯಾಡುವಷ್ಟು ಬಿಸಿ ಮಾಡಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯೇ ಆಗಲಿ, ಹುಳಿ ಪದಾರ್ಥವನ್ನು ಅಲ್ಯೂಮಿನಿಯಂನಲ್ಲಿ ರಾತ್ರಿಯಿಡೀ ಇಡಬೇಡಿ. ಫ್ರೈ ಉಳಿದರೆ ಮತ್ತೆ ಕಾವಲಿಗೆ ಹಾಕುವ ಬದಲು ಮುಳ್ಳು ಬಿಡಿಸಿ, ಈರುಳ್ಳಿ, ಹಸಿಮೆಣಸು, ನಿಂಬೆರಸ ಕಲಸಿ ಬೆಳಗಿನ ಗಂಜಿಗೆ ನಂಜಿಕೊಳ್ಳಲು ಕೊಡಿ.